ಬಿಡದ ನೋವು ಮತ್ತು ಪ್ರಸಾದತತ್ತ್ವ



ನೋವನ್ನು ಅರಿಯದ ಶರೀರವಿಲ್ಲ. ಮುಳ್ಳು ಚುಚ್ಚಿದಾಗ, ಕಾದ ಹಂಚು ಕೈಗೆ ತಾಗಿದಾಗ, ಹಲ್ಲು ಹುಳುಕಾದಾಗ ಉಂಟಾಗುವ ನೋವು ನಮ್ಮನ್ನು ಎಚ್ಚರಿಸಿ, ಕಾರಣವು ಕಳೆದೊಡನೆ ತಾನೂ ಹೊರಟುಹೋಗುವುದು. ಅದು ಶರೀರಕ್ಕೆ ಹಿತಶತ್ರುವಲ್ಲ, ಹಿತಚಿಂತಕನೇ ಸರಿ. ಆದರೆ ಇನ್ನೊಂದು ಬಗೆಯ ನೋವುಂಟು. ಅದು ಬಂದ ಮೇಲೆ ಹೋಗುವುದಿಲ್ಲ. ಮಂಡಿಯಲ್ಲಿ, ಸೊಂಟದಲ್ಲಿ, ಕುತ್ತಿಗೆಯಲ್ಲಿ, ಅರೆತಲೆಯಲ್ಲಿ, ಮಧುಮೇಹಿಗಳ ಉರಿಯುವ ಅಂಗಾಲುಗಳಲ್ಲಿ ಅದು ತಿಂಗಳಾನುಗಟ್ಟಲೆ, ವರ್ಷಾನುಗಟ್ಟಲೆ ನೆಲೆಸಿಬಿಡುವುದು. ಬೆಳಗಿನಲ್ಲಿ ಕಣ್ಣು ತೆರೆಯುವ ಮುನ್ನವೇ ಅದು ಎಚ್ಚೆತ್ತಿರುವುದು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದೊಂದೇ ಎದ್ದು ಕುಳಿತಿರುವುದು.

ಇಂಥ ನೋವನ್ನು ಹೊತ್ತವರು ಮಠಕ್ಕೆ ಬಂದಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುವರು. "ಇದು ನಮ್ಮ ಯಾವ ಜನ್ಮದ ಕರ್ಮ?" ಎಂಬುದು ಮೊದಲನೆಯದು. "ಶಿವನು ಕೊಟ್ಟದ್ದನ್ನು ಪ್ರಸಾದವೆಂದು ಸ್ವೀಕರಿಸಬೇಕಲ್ಲವೇ? ಹಾಗಿದ್ದ ಮೇಲೆ ಔಷಧಿ ತೆಗೆದುಕೊಳ್ಳುವುದು ಭಕ್ತಿಯ ಕೊರತೆಯಾಗದೇ?" ಎಂಬುದು ಎರಡನೆಯದು. ಮೂರನೆಯದನ್ನು ಬಹುಮಟ್ಟಿಗೆ ಹಿರಿಯರು, ಅದರಲ್ಲಿಯೂ ತಾಯಂದಿರು, ತುಸು ನಾಚಿಕೆಯಿಂದಲೇ ಕೇಳುವರು: "ನೆಲದ ಮೇಲೆ ಕೂರಲು ಆಗುವುದಿಲ್ಲ, ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಂಡರೆ ನಡೆದೀತೇ?" ಮೇಲ್ನೋಟಕ್ಕೆ ಇವು ಬೇರೆಬೇರೆ ಪ್ರಶ್ನೆಗಳು. ವಿಚಾರಿಸಿ ನೋಡಿದರೆ ಮೂರರ ಬುಡವೂ ಒಂದೇ: ನೋಯುವ ಈ ಶರೀರಕ್ಕೂ ಶಿವನಿಗೂ ಇರುವ ಸಂಬಂಧವೇನು? ಈ ಲೇಖನದಲ್ಲಿ ಅದನ್ನೇ ನಿಮ್ಮೊಡನೆ ಚಿಂತಿಸಬೇಕೆಂದಿದ್ದೇವೆ.

ನೋವಿನ ಸ್ವರೂಪ

ಮೊದಲು ನೋವೆಂದರೇನೆಂಬುದನ್ನು ತಿಳಿಯಬೇಕು. ಪೆಟ್ಟು ಎಷ್ಟೋ ನೋವು ಅಷ್ಟು ಎಂಬುದು ಲೋಕರೂಢಿಯ ತಿಳಿವಳಿಕೆ. ಇದು ಪೂರ್ಣಸತ್ಯವಲ್ಲ. ಕಾಲನ್ನು ಕತ್ತರಿಸಿ ತೆಗೆದ ಮೇಲೆಯೂ ಇಲ್ಲದ ಆ ಪಾದದಲ್ಲಿ ನೋವನ್ನು ಅನುಭವಿಸುವವರಿದ್ದಾರೆ. ಇತ್ತ, ಬೆನ್ನುಮೂಳೆಯ ಛಾಯಾಚಿತ್ರದಲ್ಲಿ ಸವೆತ ಕಂಡರೂ ಯಾವ ನೋವೂ ಇಲ್ಲದೆ ಓಡಾಡುವವರೂ ಇದ್ದಾರೆ. ನೋವೇ ಇಲ್ಲದ ಜನರ ಬೆನ್ನುಮೂಳೆಯ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯು, ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಗೂ ಎಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ 96 ಮಂದಿಗೂ ಬೆನ್ನೆಲುಬಿನ ನಡುವಣ ಬಿಲ್ಲೆಗಳಲ್ಲಿ ಸವೆತವಿರುವುದನ್ನು ತೋರಿಸಿದೆ. ಆದುದರಿಂದ ಚಿತ್ರದಲ್ಲಿ ಸವೆತ ಕಂಡಿತೆಂದು ಬದುಕೇ ಮುಗಿಯಿತೆಂದು ತಿಳಿಯಬೇಕಿಲ್ಲ. ಚಿತ್ರದಲ್ಲಿ ಏನೂ ಕಾಣದೆಂದು ನೋವೇ ಸುಳ್ಳೆಂದು ಹೇಳಲೂ ಬಾರದು.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು ಈ ವಿಷಯದಲ್ಲಿ ಒಂದು ಹೊಸ ಸಿದ್ಧಾಂತವನ್ನು ಮಂಡಿಸಿದರು. ಶರೀರದ ಅಂಗಗಳಿಂದ ಬರುವ ನೋವಿನ ಸುದ್ದಿಯು ನೇರವಾಗಿ ಮಿದುಳನ್ನು ಸೇರುವುದಿಲ್ಲ. ಬೆನ್ನುಹುರಿಯಲ್ಲಿ ಬಾಗಿಲಿನಂತಹ ಒಂದು ವ್ಯವಸ್ಥೆಯಿದ್ದು, ಅದು ಒಮ್ಮೆ ಹೆಚ್ಚು ತೆರೆಯುವುದು, ಒಮ್ಮೆ ಕಡಿಮೆ ತೆರೆಯುವುದು ಎಂಬುದು ಅದರ ಸಾರ. ಎಡವಿದ ಮಗುವಿನ ಮಂಡಿಯನ್ನು ತಾಯಿಯು ಸವರಿದಾಗ ನೋವು ಇಳಿಯುವುದೇಕೆಂಬುದಕ್ಕೆ ಇಲ್ಲಿ ಸಮಾಧಾನವಿದೆ. ಸಿದ್ಧಾಂತದ ಕೆಲವು ವಿವರಗಳು ಮುಂದೆ ತಿದ್ದುಪಡಿಗೊಂಡವಾದರೂ ಮೂಲ ವಿಚಾರ ಉಳಿದುಬಂದಿದೆ. ಭಯ, ನಿದ್ರಾಹೀನತೆ, ಏಕಾಂಗಿತನ, ಚಿಂತೆ ಇವು ಆ ಬಾಗಿಲನ್ನು ಅಗಲಗೊಳಿಸುವುವು. ಭರವಸೆ, ಚಲನೆ, ತನ್ಮಯತೆ ಇವು ಅದನ್ನು ಕಿರಿದುಗೊಳಿಸುವುವು. ನೋವು ಬಹುಕಾಲ ಉಳಿದಾಗ ನರಗಳೇ ಅತಿಸೂಕ್ಷ್ಮವಾಗಿಬಿಡುವುದೂ ಉಂಟು. ಕಳ್ಳನು ಹೋದ ಮೇಲೆಯೂ ಮನೆಯ ನಾಯಿ ರಾತ್ರಿಯಿಡೀ ಬೊಗಳುತ್ತಿರುವಂತೆ, ಗಾಯವು ಮಾಯ್ದ ಮೇಲೆಯೂ ಅವು ಕೂಗುತ್ತಲೇ ಇರುವುವು. ಮೂರು ತಿಂಗಳನ್ನು ಮೀರಿ ನಿಲ್ಲುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವೆಂದು ವೈದ್ಯರು ಕರೆಯುವರು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದ್ದು, ಅದರ ಕೆಲವು ಬಗೆಗಳನ್ನು ಬೇರೊಂದು ರೋಗದ ಲಕ್ಷಣವೆಂದಲ್ಲ, ತಾನೇ ಒಂದು ರೋಗವೆಂದು ಪರಿಗಣಿಸಲಾಗಿದೆ.

ನಮ್ಮ ಪೂರ್ವಿಕರು ಇದನ್ನು ಅರಿಯದವರೇನಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ವೇದನೆಗೆ ಆಶ್ರಯ ಯಾವುದೆಂಬ ಪ್ರಶ್ನೆ ಬಂದಾಗ, ಇಂದ್ರಿಯಸಹಿತವಾದ ದೇಹವನ್ನಷ್ಟೇ ಹೇಳದೆ ಮನಸ್ಸನ್ನೂ ಹೇಳಲಾಗಿದೆ. ದೇಹ ಮನಸ್ಸುಗಳೆರಡೂ ನೋವಿನ ನೆಲೆಗಳು ಎಂದ ಮೇಲೆ ಎರಡಕ್ಕೂ ಚಿಕಿತ್ಸೆ ಬೇಕೆಂಬುದು ತಾನಾಗಿಯೇ ಸಿದ್ಧವಾಗುವುದು. ಇಲ್ಲಿ ಒಂದು ಎಚ್ಚರಿಕೆ. ನೋವಿಗೆ ಮನಸ್ಸೂ ಆಶ್ರಯವೆಂದರೆ "ನೋವು ಬರಿಯ ಮನಸ್ಸಿನದು, ಕಲ್ಪಿತವಾದದ್ದು" ಎಂದರ್ಥವಲ್ಲ. ಹಾಗೆ ಹೇಳುವವರು ಚರಕನನ್ನೂ ಅರಿಯರು, ಇಂದಿನ ವಿಜ್ಞಾನವನ್ನೂ ಅರಿಯರು.

ಪ್ರಮಾಣದ ಪ್ರಶ್ನೆ

ದೀರ್ಘಕಾಲಿಕ ನೋವಿನವರಿಗೆ ನೋವಿಗಿಂತ ಮಿಗಿಲಾದ ಇನ್ನೊಂದು ಸಂಕಟವಿದೆ. ಅದು ಅವರ ಮಾತನ್ನು ಯಾರೂ ನಂಬದಿರುವುದು. ಮುರಿದ ಕೈಗೆ ಪಟ್ಟಿ ಕಟ್ಟಿರುವುದನ್ನು ಎಲ್ಲರೂ ಕಾಣುವರು. ಜ್ವರವನ್ನು ಮುಟ್ಟಿ ನೋಡಬಹುದು. ಈ ನೋವಿಗೆ ಗುರುತಿಲ್ಲ. ಸೊಂಟನೋವೆಂದು ಹೇಳಿಕೊಂಡ ಸೊಸೆಯನ್ನು ಕೆಲಸಗಳ್ಳಿ ಎನ್ನುವರು. ನಿನ್ನೆ ನಗುತ್ತಿದ್ದವನು ಇಂದು ಹಾಸಿಗೆ ಹಿಡಿದರೆ ನಟನೆ ಎನ್ನುವರು. ಆರಂಭದಲ್ಲಿ ಮರುಗಿದ ಬಂಧುಗಳೇ ಕಾಲಕ್ರಮದಲ್ಲಿ ಬೇಸರಗೊಂಡು ಮುಖ ತಿರುಗಿಸುವರು. ನೊಂದವರು ಕಡೆಗೆ ಹೇಳುವುದನ್ನೇ ನಿಲ್ಲಿಸಿಬಿಡುವರು. ಆ ಮೌನವನ್ನು ಜನರು ಸಹನೆಯೆಂದು ಹೊಗಳುವರು!

ತರ್ಕಶಾಸ್ತ್ರದ ದೃಷ್ಟಿಯಿಂದ ಇದನ್ನು ಪರೀಕ್ಷಿಸೋಣ. ಸುಖದುಃಖಗಳು ಮನಸ್ಸೆಂಬ ಒಳ ಇಂದ್ರಿಯಕ್ಕೆ ಮಾತ್ರ ಪ್ರತ್ಯಕ್ಷವಾಗುವುವೆಂದು ನೈಯಾಯಿಕರು ಹೇಳುವರು. ಹಾಗಿದ್ದಲ್ಲಿ ನೋವು ನೊಂದವನಿಗೆ ಮಾತ್ರ ಪ್ರತ್ಯಕ್ಷ. ಉಳಿದವರಿಗೆ ಎರಡೇ ದಾರಿ: ಒಂದು ಅನುಮಾನ, ಇನ್ನೊಂದು ನೊಂದವನ ಮಾತು, ಅಂದರೆ ಶಬ್ದಪ್ರಮಾಣ. ಮುಖ ಕಿವುಚಿದ್ದನ್ನು, ಕುಂಟಿದ್ದನ್ನು ನೋಡಿ ಮಾಡುವ ಅನುಮಾನವು ವರ್ಷಗಟ್ಟಲೆ ನೋವನ್ನು ನುಂಗಿ ಮುಖವನ್ನು ಅಡಗಿಸಲು ಕಲಿತವರ ವಿಷಯದಲ್ಲಿ ಸೋಲುವುದು. ಉಳಿಯುವುದು ಮಾತೊಂದೇ. ಪ್ರತ್ಯಕ್ಷವಾಗಿ ಬಲ್ಲವನು, ವಂಚಿಸುವ ಉದ್ದೇಶವಿಲ್ಲದವನು ಹೇಳಿದ ಮಾತೇ ಆಪ್ತವಾಕ್ಯ. ತನ್ನ ನೋವಿನ ವಿಷಯದಲ್ಲಿ ನೊಂದವನಿಗಿಂತ ಬಲ್ಲವನು ಬೇರೆ ಯಾರು? ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘವು ತಾನು 1979ರಲ್ಲಿ ಕೊಟ್ಟಿದ್ದ ಲಕ್ಷಣವನ್ನು 2020ರಲ್ಲಿ ತಿದ್ದಿದಾಗ, ಒಬ್ಬನು ತನಗೆ ನೋವಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂಬ ಟಿಪ್ಪಣಿಯನ್ನೂ ಅದರೊಡನೆ ಸೇರಿಸಿತು. ಮಾತು ಬಾರದವರಿಗೆ ನೋವಿಲ್ಲವೆಂದು ತಿಳಿಯಬಾರದೆಂದೂ ಹೇಳಿತು. ನಂಬಿ ಕೇಳುವುದು ಕೇವಲ ದಾಕ್ಷಿಣ್ಯವಲ್ಲ. ಸತ್ಯವನ್ನು ಅರಿಯಲು ಇರುವ ಮಾರ್ಗವೇ ಅದು.

ಕರ್ಮವೆಂಬ ಆರೋಪ

ಇನ್ನು ಕರ್ಮದ ಪ್ರಶ್ನೆಗೆ ಬರೋಣ. "ನೀನು ಯಾವ ಜನ್ಮದಲ್ಲಿ ಏನು ಮಾಡಿದ್ದೆಯೋ, ಈಗ ಉಣ್ಣುತ್ತಿದ್ದೀಯೆ" ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸುಲಭವಾಗಿ ಹೊರಬೀಳುವುದು! ಆಡಿದವರಿಗೆ ಅದು ತತ್ತ್ವ. ಕೇಳಿದವರಿಗೆ ಅದು ಎರಡನೆಯ ಪೆಟ್ಟು. ನೋವಿನ ಜೊತೆಗೆ ಅಪರಾಧಿಯ ಪಟ್ಟವನ್ನೂ ಅವರು ಹೊರಬೇಕಾಗುವುದು.

ಲಿಂಗಧಾರಿಗಳ ಬಾಯಲ್ಲಿ ಈ ಮಾತು ಸಲ್ಲುವುದೇ ಎಂಬುದನ್ನು ಯೋಚಿಸಿರಿ. ಶ್ರೀಗುರುವು ವೇಧಾ, ಮಂತ್ರ, ಕ್ರಿಯಾ ಎಂಬ ತ್ರಿವಿಧ ದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವನ್ನು ಕಳೆಯುವನೆಂಬುದು ನಮ್ಮ ಸಿದ್ಧಾಂತ. ದೀಕ್ಷೆಯೊಡನೆ ಪೂರ್ವಾಶ್ರಯವು ಅಳಿದು ಭಕ್ತನು ಹೊಸದಾಗಿ ಹುಟ್ಟುವನು. ಹಿಂದಿನ ಕುಲವನ್ನು ಕೇಳಬಾರದೆಂದು ಶರಣರು ವಿಧಿಸಿದ್ದು ಈ ಕಾರಣದಿಂದಲೇ. ಈ ಜನ್ಮದ ಕುಲವನ್ನೇ ಕೇಳಬಾರದೆಂದಿರುವಾಗ, ಕಾಣದ ಹಿಂದಿನ ಜನ್ಮದ ಕರ್ಮವನ್ನು ಕೆದಕುವ ಅಧಿಕಾರ ಯಾರಿಗಿದೆ? ನೊಂದ ಲಿಂಗವಂತನಿಗೆ "ನಿನ್ನ ಪೂರ್ವಕರ್ಮ" ಎಂದು ಹೇಳುವುದು ಅವನ ದೀಕ್ಷೆಯನ್ನೇ ಅಲ್ಲಗಳೆದಂತೆ.

ಇಲ್ಲಿ ಪಂಡಿತರು ಒಂದು ಆಕ್ಷೇಪವನ್ನು ಎತ್ತಬಹುದು: ಸಂಚಿತವು ನಾಶವಾದರೂ ಪ್ರಾರಬ್ಧವು ಬಿಟ್ಟ ಬಾಣದಂತೆ ನಡೆದೇ ತೀರುವುದಲ್ಲವೇ ಎಂದು. ಆಗಲಿ, ವಾದಕ್ಕಾಗಿ ಒಪ್ಪೋಣ. ಅದರಿಂದ ಏನು ಸಿದ್ಧವಾಯಿತು? ಹೊಲದಲ್ಲಿ ಬೇಸಾಯದ ಭಾರ ಹೊತ್ತು ಬೆನ್ನು ಸವೆದಿರಬಹುದು. ಹೆರಿಗೆಯ ನಂತರ ವಿಶ್ರಾಂತಿಯಿಲ್ಲದೆ ದುಡಿದು ಸೊಂಟ ಸೋತಿರಬಹುದು. ಇವೆಲ್ಲ ಕಣ್ಣೆದುರಿನ ಕಾರಣಗಳು. ಇವನ್ನು ಬಿಟ್ಟು ಕಾಣದ ಕಾರಣವನ್ನು ಹುಡುಕುವುದರಿಂದ ನೊಂದವರ ಹೊರೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶನು ಆಯುಷ್ಯವು ಪೂರ್ವನಿಶ್ಚಿತವೇ ಎಂದು ಕೇಳುವನು. ಅದು ದೈವ, ಪುರುಷಕಾರಗಳೆರಡನ್ನೂ ಅವಲಂಬಿಸಿದೆಯೆಂದು ಆತ್ರೇಯನು ಉತ್ತರಿಸುವನು. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧೋಪಚಾರಗಳೇ ವ್ಯರ್ಥವಾಗುತ್ತಿದ್ದವು, ಮದಿಸಿದ ಆನೆ ಎದುರಿಗೆ ಬಂದಾಗ ಯಾರೂ ಓಡಬೇಕಾಗಿರಲಿಲ್ಲ ಎಂಬ ಧಾಟಿಯಲ್ಲಿ ಆತನ ವಾದ ಸಾಗುವುದು. ಕರ್ಮವನ್ನು ನಂಬಿದವರೇ ವೈದ್ಯಶಾಸ್ತ್ರವನ್ನೂ ಕಟ್ಟಿದರೆಂಬುದನ್ನು ನಾವು ಮರೆಯಲಾಗದು.

ಪ್ರಸಾದವೆಂದರೇನು?

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಬಂದುದೆಲ್ಲವನ್ನೂ ಪ್ರಸನ್ನಚಿತ್ತದಿಂದ ಸ್ವೀಕರಿಸುವವನೇ ಪ್ರಸಾದಿ. ಹಾಗಿದ್ದರೆ ನೋವನ್ನೂ ಹಾಗೆಯೇ ಸ್ವೀಕರಿಸಿ ಸುಮ್ಮನಿರಬೇಕಲ್ಲವೇ?

ಪ್ರಸಾದತತ್ತ್ವದ ಕ್ರಮವನ್ನು ಗಮನಿಸಬೇಕು. ಬಂದದ್ದು ಬಂದ ಹಾಗೆಯೇ ಪ್ರಸಾದವಾಗುವುದಿಲ್ಲ. ಬರುವಾಗ ಅದು ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಅರ್ಪಿಸುವ ಮುನ್ನ ನಾವು ಏನು ಮಾಡುವೆವು? ನಮ್ಮ ಮಠದ ಪ್ರಸಾದನಿಲಯದಲ್ಲಿ ಇದ್ದು ಓದಿದವರಿಗೆ ದಾಸೋಹದ ಅಡುಗೆಮನೆ ನೆನಪಿರಬೇಕು. ಅಲ್ಲಿ ಅಕ್ಕಿಯನ್ನು ಮೊರದಲ್ಲಿ ಕೇರಿ, ಕಲ್ಲನ್ನೂ ಹೊಟ್ಟನ್ನೂ ಆರಿಸಿ, ತೊಳೆದು, ಬೇಯಿಸಿ ಅನಂತರ ಅರ್ಪಿಸುವರು. ಆರಿಸುವ ಶ್ರಮಕ್ಕೆ ಬೇಸತ್ತು ಕಲ್ಲಿನ ಸಮೇತ ಬೇಯಿಸಿದವನು, ಊಟದಲ್ಲಿ ಕಲ್ಲು ಹಲ್ಲಿಗೆ ಸಿಕ್ಕಾಗ "ಇದೂ ಪ್ರಸಾದವೇ" ಎಂದರೆ ಅದು ಭಕ್ತಿಯೆನಿಸೀತೇ? ಅದು ಸೋಮಾರಿತನ. ಹಾಗೆಯೇ, ಕಳೆಯಬಹುದಾದ ನೋವನ್ನು ಕಳೆಯದೆ, ವೈದ್ಯರ ಬಳಿಗೆ ಹೋಗದೆ, ಶರೀರವನ್ನು ಕ್ರಮಕ್ಕೆ ತಾರದೆ, ಶಿವನಿಚ್ಛೆಯೆಂದು ಕೂರುವುದು ಪ್ರಸಾದಬುದ್ಧಿಯಲ್ಲ. ದೀಕ್ಷೆಯಿಂದ ಈ ಕಾಯವೇ ಪ್ರಸಾದಕಾಯವಾಗಿದೆ. ಕೈಯಲ್ಲಿ ಹಿಡಿದ ಪ್ರಸಾದವನ್ನು ಚೆಲ್ಲದಂತೆ ನೋಡಿಕೊಳ್ಳುವ ನಾವು ಪ್ರಸಾದಕಾಯವನ್ನು ಅಲಕ್ಷಿಸುವುದು ಹೇಗೆ?

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೃತ್ತಿಯೇ ಅವನ ಕಾಯಕ. ಅವನ ವಚನಗಳಲ್ಲಿ ವೈದ್ಯಪರಿಭಾಷೆಯೇ ತತ್ತ್ವದ ಭಾಷೆಯಾಗಿ ಬಂದಿದೆ. ರೋಗವನ್ನು ಗುಣಪಡಿಸುವುದು ಶಿವನ ಇಚ್ಛೆಗೆ ವಿರುದ್ಧವೆಂದು ಶರಣರು ಬಗೆದಿದ್ದರೆ ಆ ಕಾಯಕಕ್ಕೆ ಅವರ ನಡುವೆ ಸ್ಥಾನವಿರುತ್ತಿತ್ತೇ? ಔಷಧಿಯೂ ಅರ್ಪಿತವಾಗಬೇಕಾದ ಪದಾರ್ಥವೇ. ಬೆಳಗಿನ ಗುಳಿಗೆಯನ್ನು ಲಿಂಗಕ್ಕೆ ತೋರಿ ಸೇವಿಸುವ ಹಿರಿಯರು ಇದ್ದಾರೆ. ಅವರ ನಡೆಯಲ್ಲಿ ಮೇಲಿನ ಚರ್ಚೆಯೆಲ್ಲ ಅಡಗಿದೆ.

ಇಷ್ಟೆಲ್ಲ ಮಾಡಿದ ಮೇಲೆಯೂ ಉಳಿಯುವ ನೋವುಂಟು. ದೀರ್ಘಕಾಲಿಕ ನೋವಿನ ಬಹುಪಾಲು ಇಂಥದೇ. ಆಗ ಏನು ಮಾಡಬೇಕು? ಆಗ ಅರ್ಪಿಸಬೇಕಾದುದು ನೋವನ್ನಲ್ಲ, ನೋವಿರುವ ಆ ದಿನವನ್ನು. "ನೋವು ಹೋದ ಮೇಲೆ ಬದುಕುತ್ತೇನೆ" ಎಂದು ಕಾಯುವವನ ಬದುಕು ಹೊಸ್ತಿಲಿನಲ್ಲಿಯೇ ನಿಂತುಬಿಡುವುದು. ನೋವು ಇದ್ದಂತೆಯೇ ಮೊಮ್ಮಗುವಿಗೆ ಅಕ್ಷರ ಕಲಿಸಿದ ಗಳಿಗೆ, ನೋವು ಇದ್ದಂತೆಯೇ ಗಿಡಕ್ಕೆ ನೀರೆರೆದ ಗಳಿಗೆ, ಇವು ಪೂರ್ಣವಾದ ಗಳಿಗೆಗಳು. ಇವನ್ನು ಅರ್ಪಿಸಿರಿ. ನೋವು ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಗ್ರೀಸಿನ ಸ್ಟೋಯಿಕ್ ಪಂಥದ ಪೊಸಿಡೋನಿಯಸ್ ಎಂಬ ತತ್ತ್ವಜ್ಞಾನಿಯು ಕೀಲುನೋವಿನಿಂದ ನರಳುತ್ತಿದ್ದಾಗಲೂ ತನ್ನನ್ನು ಕಾಣಬಂದ ರೋಮಿನ ಸೇನಾನಿ ಪಾಂಪೆಗೆ ಉಪನ್ಯಾಸ ಮಾಡುತ್ತ, ನೋವು ಕೆಡುಕೆಂದು ತಾನೆಂದಿಗೂ ಒಪ್ಪುವುದಿಲ್ಲವೆಂದನಂತೆ. ಕಿಕೆರೋ ಎಂಬ ವಾಗ್ಮಿಯು ಇದನ್ನು ದಾಖಲಿಸಿದ್ದಾನೆ. ತೀವ್ರವಾದ ನೋವು ಬಹುಕಾಲ ಇರದು, ಬಹುಕಾಲ ಇರುವ ನೋವು ತೀವ್ರವಾಗಿರದು ಎಂದು ಎಪಿಕ್ಯೂರಸನು ಸಮಾಧಾನ ಹೇಳಿದನು. ಮೊದಲನೆಯವನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಕೆಡುಕನ್ನು ಕೆಡುಕಲ್ಲವೆನ್ನುವುದು ಸತ್ಯಕ್ಕೆ ದೂರ. ಎರಡನೆಯವನ ಸಮಾಧಾನವನ್ನು ವರ್ಷಗಟ್ಟಲೆ ನಿದ್ರೆಗೆಟ್ಟವರ ಅನುಭವವೇ ಸುಳ್ಳುಮಾಡುವುದು. ಶರೀರವನ್ನೇ ಶಿವಾಲಯವೆಂದು ಕಂಡ ಬಸವಣ್ಣನವರ ಮಾರ್ಗದಲ್ಲಿ ನಡೆಯುವ ನಮಗೆ ಶರೀರದ ಸಂಕಟವನ್ನು ಅಲ್ಲಗಳೆಯುವ ಅಗತ್ಯವಿಲ್ಲ. "ನೋಯುತ್ತಿದೆ" ಎಂದು ಹೇಳಿಕೊಂಡರೆ ಭಕ್ತಿಗೆ ಭಂಗವಿಲ್ಲ.

ಲಕ್ಕಮ್ಮನ ಅಳತೆ

ಇನ್ನು ಆಚರಣೆಯ ಮಾತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಿಮಗೆಲ್ಲ ತಿಳಿದದ್ದೇ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಅಂದಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ದೀರ್ಘಕಾಲಿಕ ನೋವಿನವರು ಈ ಅಳತೆಯನ್ನು ಕಲಿಯಬೇಕು. ಅವರ ಸಾಮಾನ್ಯವಾದ ನಡೆ ಹೀಗಿರುವುದು: ನೋವು ಕಡಿಮೆಯಿರುವ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಮ್ಮೆಲೇ ಮಾಡಿಮುಗಿಸುವರು. ಅದರ ಫಲವಾಗಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುವರು. ಹೀಗೆ ಏರಿಳಿತವಾದಂತೆ ಸ್ನಾಯುಗಳು ಸೊರಗಿ, ಶಕ್ತಿಯ ಮಟ್ಟವೇ ವರ್ಷದಿಂದ ವರ್ಷಕ್ಕೆ ಇಳಿಯುವುದು. ಇದಕ್ಕೆ ಪ್ರತಿಯಾಗಿ, ಒಳ್ಳೆಯ ದಿನವಾಗಲಿ ಕೆಟ್ಟ ದಿನವಾಗಲಿ, ದಿನಕ್ಕಿಷ್ಟೆಂದು ಅಳೆದು ಮಾಡಬೇಕು. ಹತ್ತು ನಿಮಿಷ ನಡೆಯಬಲ್ಲವರು ನೋವಿಲ್ಲದ ದಿನವೂ ಹತ್ತೇ ನಿಮಿಷ ನಡೆಯಲಿ; ಮುಂದಿನ ವಾರ ಹನ್ನೊಂದಾಗಲಿ. ಎಲ್ಲಿ ನಿಲ್ಲಿಸಬೇಕೆಂಬುದನ್ನು ನೋವು ಹೇಳಬಾರದು, ಗಡಿಯಾರ ಹೇಳಬೇಕು. ಸಿಕ್ಕಿದ ಶಕ್ತಿಯನ್ನೆಲ್ಲ ಒಂದೇ ದಿನ ಬಾಚಿಕೊಳ್ಳುವುದೂ ಒಂದು ಬಗೆಯ ಆಶೆಯೇ.

ಕೆಲವು ವಿಷಯಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಆ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲಿಕ ಸೊಂಟನೋವಿಗೆ ಮಾರ್ಗದರ್ಶಿಯನ್ನು ಪ್ರಕಟಿಸಿತು. ತಿಳಿವಳಿಕೆ, ಕ್ರಮವಾದ ವ್ಯಾಯಾಮ, ಮನಸ್ಸಿನ ಚಿಕಿತ್ಸೆ, ಅಂಗಮರ್ದನ ಮೊದಲಾದವುಗಳಿಗೆ ಅದು ಸ್ಥಾನ ಕೊಟ್ಟಿದೆ. ಸೊಂಟಪಟ್ಟಿಯನ್ನು ಬಿಗಿಯುವುದನ್ನೂ ಭಾರ ಕಟ್ಟಿ ಎಳೆಯುವುದನ್ನೂ ಅಫೀಮಿನ ವರ್ಗದ ಔಷಧಗಳನ್ನೂ ಸಾಮಾನ್ಯ ಚಿಕಿತ್ಸೆಯಾಗಿ ಅದು ಶಿಫಾರಸು ಮಾಡಿಲ್ಲ. ಬಹುಕಾಲ ಮಲಗಿರುವುದು ಚಿಕಿತ್ಸೆಯಲ್ಲ. ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡಗಳು ಕೆಡಬಹುದು. ಮಧುಮೇಹ, ರಕ್ತದೊತ್ತಡ ಇರುವವರು ಇನ್ನೂ ಎಚ್ಚರದಿಂದಿರಬೇಕು. ಹೆಸರಿಲ್ಲದ ಪುಡಿ ಲೇಹ್ಯಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಪ್ರಸಂಗಗಳುಂಟು. ಒಂದೇ ದಿನದಲ್ಲಿ ನೋವು ಮಾಯವಾದರೆ ಸಂತೋಷಕ್ಕಿಂತ ಮುಂಚೆ ಸಂಶಯಪಡಿರಿ. ಸೊಂಟನೋವಿನೊಡನೆ ಕಾಲುಗಳಲ್ಲಿ ಬಲ ಕುಗ್ಗಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಧ್ಯಾನದಿಂದ ನೋವು ಹೋಗುವುದೇ ಎಂದೂ ಕೇಳುವರು. ಅಮೆರಿಕದಲ್ಲಿ ದೀರ್ಘಕಾಲಿಕ ಸೊಂಟನೋವಿದ್ದ 342 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಧ್ಯಾನಪ್ರಧಾನವಾದ ಅಭ್ಯಾಸವನ್ನು ಕಲಿತವರು ಸಾಮಾನ್ಯ ಚಿಕಿತ್ಸೆಯಲ್ಲಿ ಮಾತ್ರ ಇದ್ದವರಿಗಿಂತ ಹೆಚ್ಚು ಸುಧಾರಿಸಿದರು. ಅದು ಇಷ್ಟಲಿಂಗಪೂಜೆಯ ಪರೀಕ್ಷೆಯಾಗಿರಲಿಲ್ಲ. ಎಲ್ಲರೂ ಗುಣವಾದರೆಂದೂ ಅಲ್ಲ. ಆದುದರಿಂದ ಶಿವಯೋಗವನ್ನು ನೋವಿನ ಗುಳಿಗೆಯೆಂದು ಮಾರಲು ನಾವು ಸಿದ್ಧರಿಲ್ಲ. ಪೂಜೆಯು ನೋವು ಕಳೆಯಲೆಂದು ಮಾಡುವ ವ್ಯಾಪಾರವಲ್ಲ. ಲಿಂಗದಲ್ಲಿ ದೃಷ್ಟಿ ನಿಂತ ಹೊತ್ತಿನಲ್ಲಿ ನೋವು ಅಲ್ಲಿಯೇ ಇದ್ದರೂ ಮನೆಯ ಯಜಮಾನನಾಗಿ ಇರುವುದಿಲ್ಲವೆಂಬುದನ್ನು ಅನೇಕ ಸಾಧಕರು ಕಂಡುಕೊಂಡಿದ್ದಾರೆ. ಅಷ್ಟು ಸಾಕು.

ಕುರ್ಚಿಯ ಪ್ರಶ್ನೆ

ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಧಾರಾಳವಾಗಿ ಮಾಡಿಕೊಳ್ಳಿರಿ. ಇಷ್ಟಲಿಂಗಕ್ಕೆ ಕರಸ್ಥಲವೇ ಪೀಠ. ಅದು ಒಂದು ಊರಿನ ಗರ್ಭಗುಡಿಯಲ್ಲಿ ನೆಟ್ಟುನಿಂತ ಸ್ಥಾವರವಲ್ಲ. ಅಂಗವು ಎಲ್ಲಿರುವುದೋ ಲಿಂಗವು ಅಲ್ಲಿರುವುದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನೇ ಲಿಂಗವಂತರಿಗೆ ಇಲ್ಲವೆಂದ ಶರಣರು ಮಂಡಿನೋವನ್ನು ಆರನೆಯ ಸೂತಕವನ್ನಾಗಿ ಮಾಡುವರೇ? ಕುರ್ಚಿಯಲ್ಲಿ ಕುಳಿತು, ಅದೂ ಆಗದಿದ್ದರೆ ದಿಂಬಿಗೆ ಒರಗಿ, ಕೈಯೆತ್ತಲಾಗದಿದ್ದರೆ ಮನೆಯವರ ನೆರವು ಪಡೆದು, ಅದೂ ಸಾಧ್ಯವಾಗದ ದಿನ ಮನಸ್ಸಿನಲ್ಲಿಯೇ ಪೂಜೆಯನ್ನು ಸಲ್ಲಿಸಿರಿ. ಮಠಮಂದಿರಗಳವರೂ ಪ್ರವಚನಮಂಟಪದಲ್ಲಿ, ದಾಸೋಹದ ಪಂಕ್ತಿಯಲ್ಲಿ ನೆಲದ ಮೇಲೆ ಕೂರಲಾರದವರಿಗೆ ಆಸನಗಳನ್ನು ಇರಿಸಬೇಕು. ಅವುಗಳನ್ನು ಮೂಲೆಗೆ ತಳ್ಳದೆ ಎಲ್ಲರ ಸಾಲಿನಲ್ಲಿಯೇ ಇರಿಸಬೇಕು.

ಮನೆಯವರ ಕಾಯಕ

ಕಡೆಯದಾಗಿ, ದುಡಿಯಲಾರದವರ ಕಾಯಕ ಯಾವುದು? ಹೊಲಕ್ಕೆ ಹೋಗಲಾರದ ರೈತ, ಅಡುಗೆಮನೆಯಲ್ಲಿ ನಿಲ್ಲಲಾರದ ಗೃಹಿಣಿ ತಾವು ಮನೆಗೆ ಹೊರೆಯೆಂದು ಕೊರಗುವರು. ಕಾಯಕದ ಬೆಲೆ ಕೂಲಿಯ ಮೊತ್ತದಲ್ಲಿಲ್ಲ. ಕುಳಿತು ಕಾಳು ಆರಿಸುವುದು, ಮಕ್ಕಳ ಪಾಠ ನೋಡುವುದು, ಲೆಕ್ಕ ಬರೆಯುವುದು, ಬಂದವರನ್ನು ಮಾತನಾಡಿಸುವುದು, ಇವೂ ಕಾಯಕಗಳೇ. ಇವೂ ಆಗದವರು ಸೇವೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಲಿ. ದಾಸೋಹಕ್ಕೆ ಕೊಡುವ ಕೈಯಂತೆ ಪಡೆಯುವ ಕೈಯೂ ಬೇಕು. ಪಡೆಯುವವರು ಕೀಳೆಂದು ತಿಳಿದರೆ ದಾಸೋಹವು ಭಿಕ್ಷೆಯಾಗಿ ಇಳಿದುಹೋಗುವುದು. ತನು, ಮನ, ಧನಗಳ ತ್ರಿವಿಧ ದಾಸೋಹದಲ್ಲಿ ಧನವನ್ನು ನಾವು ಬಲ್ಲೆವು. ನೋವಿನವರ ಮುಂದೆ ಕುಳಿತು, ಉಪದೇಶಿಸದೆ, ಹೊಸ ಔಷಧದ ಹೆಸರು ಹೇಳದೆ, "ಇಂದು ಹೇಗಿದೆ?" ಎಂದು ಕೇಳಿ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ಮನದ ದಾಸೋಹ.

"ಈ ಜೀವ ಸಾಕಾಗಿದೆ" ಎಂಬ ಮಾತು ನೊಂದವರ ಬಾಯಿಂದ ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿರಿ. ಗದರಿಸಲೂ ಬೇಡಿರಿ. ಹತ್ತಿರ ಕುಳಿತು ಕೇಳಿರಿ, ಒಂಟಿಯಾಗಿ ಬಿಡಬೇಡಿರಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ದೂರವಾಣಿ ಮಾಡಿ ಉಚಿತವಾಗಿ ಪಡೆಯಬಹುದು. ಕ್ಯಾನ್ಸರಿನಂತಹ ರೋಗಗಳ ಕಡುನೋವಿಗೆ ಮಾರ್ಫಿನ್ ಔಷಧವಿದೆ. 1985ರ ಮಾದಕವಸ್ತು ಕಾಯಿದೆಯಿಂದಾಗಿ ಅದು ಬಹುಕಾಲ ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯಿಂದ ನಿಯಮಗಳು ಸರಳವಾಗಿವೆ. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಉಚಿತವಾಗಿ ಆರೈಕೆ ಮಾಡುತ್ತ ಬಂದಿದೆ. "ಇನ್ನು ಮಾಡುವುದೇನೂ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರೋಗವು ಗುಣವಾಗದಿರಬಹುದು, ನೋವನ್ನು ತಗ್ಗಿಸಲು ಮಾಡಬಹುದಾದುದು ಯಾವಾಗಲೂ ಇದ್ದೇ ಇರುವುದು.

ಪ್ರಿಯ ಭಕ್ತರೇ, ನಮ್ಮ ಪ್ರಸಾದನಿಲಯದಲ್ಲಿ ಓದಿ ಊರೂರುಗಳಲ್ಲಿ ವೈದ್ಯರೂ ಉಪಾಧ್ಯಾಯರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಬಳಗದಲ್ಲಿ ಇಂಥವರು ಒಬ್ಬರಾದರೂ ಇದ್ದೇ ಇರುವರು. ಅವರು ಹೇಳುವುದನ್ನು ನಿಲ್ಲಿಸಿ ಎಷ್ಟು ಕಾಲವಾಯಿತೆಂದು ನೆನೆದು ನೋಡಿರಿ. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿರಿ. ನೋವನ್ನು ಹೊತ್ತಿರುವ ಎಲ್ಲ ಶರಣಶರಣೆಯರಿಗೆ ಪರಶಿವನು ನೆಮ್ಮದಿಯ ನಿದ್ರೆಯನ್ನೂ, ನಂಬುವ ಬಂಧುಗಳನ್ನೂ, ದಿನದ ಅಳತೆಗೆ ಸಾಲುವಷ್ಟು ಬಲವನ್ನೂ ಕರುಣಿಸಲೆಂದು ಹಾರೈಸುತ್ತೇವೆ.